ಬಿಲ್ಲೆಯ ಗುರುತು

ಹಳೆಯ ಸೈನಿಕನ ನಡುಪಟ್ಟಿಯ ಹಿತ್ತಾಳೆಯ ಬಿಲ್ಲೆಯೊಂದು ಕೈಗೆ ಬಂದಾಗ “ಇದು ಯಾರದು?” ಎಂದು ಕೇಳುವುದು ಸಹಜ. ನಮ್ಮ ತರಗತಿಯಲ್ಲಿಯೂ ಈ ಪ್ರಶ್ನೆ ಒಮ್ಮೆ ಹುಟ್ಟಿತು. ಬಾಲಕನೊಬ್ಬನು ಮನೆಯ ಪೆಟ್ಟಿಗೆಯಲ್ಲಿದ್ದ ತನ್ನ ಮುತ್ತಜ್ಜನ ಬಿಲ್ಲೆಯನ್ನು ತಂದಿದ್ದನು. ಅದರ ಮೇಲೆ ಸವೆದ ಉರ್ದು ಅಕ್ಷರಗಳಿದ್ದುವು. “ಇವನ ಮುತ್ತಜ್ಜ ನಿಜಾಮನ ಕಡೆಯವನು” ಎಂದು ಜೊತೆಯವರು ನಕ್ಕರು. ಬಾಲಕನು ಬಿಲ್ಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, “ಅವರು ಕೆಟ್ಟವರಾಗಿದ್ದರೆ, ಗುರುಗಳೆ?” ಎಂದನು.

ಬಿಲ್ಲೆಯು ಏನನ್ನು ಹೇಳಬಲ್ಲುದೆಂಬುದನ್ನು ಮೊದಲು ವಿಚಾರಿಸೋಣ. ಅದರ ಮುಖದ ಮೇಲೆ ಆಳುವವರ ಲಾಂಛನವಿರುತ್ತದೆ. ಬೆನ್ನಿನ ಮೇಲೆ ಕೆಲವೊಮ್ಮೆ ತಯಾರಿಸಿದವರ ಹೆಸರೋ ಅಂಕಿಯೋ ಇರುತ್ತದೆ. ಕಿರೀಟವನ್ನು ಹಿಡಿದು ನಿಂತ ಸಿಂಹವಿದ್ದರೆ ಅದು ಈಸ್ಟ್ ಇಂಡಿಯಾ ಕಂಪನಿಯದು. ಗಂಡಭೇರುಂಡವಿದ್ದರೆ ಮೈಸೂರಿನದು. ಬ್ರಿಟಿಷ್ ಕಿರೀಟದ ಕಮಾನುಗಳ ಆಕಾರವನ್ನು ನೋಡಿ, ಅದು ವಿಕ್ಟೋರಿಯಾ ರಾಣಿಯ ಕಾಲದ್ದೋ 1901ರ ನಂತರದ ಅರಸರ ಕಾಲದ್ದೋ ಎಂದು ಬಲ್ಲವರು ಹೇಳುತ್ತಾರೆ. 1950ರಲ್ಲಿ ಭಾರತವು ಗಣರಾಜ್ಯವಾದ ಮೇಲೆ ಕಿರೀಟದ ಸ್ಥಾನಕ್ಕೆ ಅಶೋಕನ ಸಿಂಹಗಳು ಬಂದುವು.

ಉರ್ದು ಅಕ್ಷರಗಳಿಂದ ನಮ್ಮ ಬಾಲಕನ ಬಿಲ್ಲೆಯು ಹೈದರಾಬಾದು ರಾಜ್ಯದ್ದೆಂದು ಊಹಿಸಬಹುದು. ಆದರೆ ಅದು ಸಿಪಾಯಿಯದೆ, ಕಚೇರಿಯ ಸೇವಕನದೆ? ಚಪರಾಸ್ ಎಂದರೆ ಬಿಲ್ಲೆ. ಅದನ್ನು ಧರಿಸಿದವನೇ ಚಪರಾಸಿ. ಹಿತ್ತಾಳೆಯ ತುಂಡೊಂದು ಮನುಷ್ಯನ ಹೆಸರನ್ನೇ ನುಂಗಿ ತನ್ನ ಹೆಸರನ್ನು ಅವನಿಗೆ ಕೊಟ್ಟಿತು! ನಕ್ಕ ಮಕ್ಕಳು ಮಾಡಿದುದೂ ಇದನ್ನೇ ಅಲ್ಲವೆ?

ಬಿಲ್ಲೆಯು ಒಡೆಯನನ್ನು ಹೇಳುತ್ತದೆ, ಧರಿಸಿದವನ ನಡತೆಯನ್ನು ಹೇಳುವುದಿಲ್ಲ. ಎರಡು ಮಹಾಯುದ್ಧಗಳಲ್ಲಿಯೂ ಜರ್ಮನಿಯ ಕಾಲಾಳುಗಳ ಬಿಲ್ಲೆಯ ಮೇಲೆ “ದೇವರು ನಮ್ಮೊಂದಿಗಿದ್ದಾನೆ” ಎಂಬರ್ಥದ ಮಾತಿತ್ತು. ಆ ಮಾತಿನಿಂದ ಯಾವ ಪಾಪವೂ ಪುಣ್ಯವಾಗಲಿಲ್ಲ. ಹಾಗೆಂದು, “ನಾನು ಬಿಲ್ಲೆ ಧರಿಸಿದವನು, ಹೇಳಿದ್ದನ್ನು ಮಾಡಿದೆ” ಎಂದು ನುಣುಚಿಕೊಳ್ಳುವುದೂ ಸಲ್ಲದು. ಮೇಲಿನವರ ಆಜ್ಞೆಯೆಂಬ ಮಾತ್ರಕ್ಕೆ ಅಪರಾಧದ ಹೊಣೆ ತಪ್ಪದೆಂದು ನ್ಯೂರೆಂಬರ್ಗಿನ ನ್ಯಾಯಮಂಡಲವು 1946ರಲ್ಲಿ ತೀರ್ಪಿತ್ತಿತು. ಬಿಲ್ಲೆಯು ಯಾರನ್ನೂ ದೋಷಿಯನ್ನಾಗಿ ಮಾಡದು. ಯಾರ ದೋಷವನ್ನೂ ತೊಳೆಯದು.

ನಮ್ಮ ಸೀಮೆಯವರು ಇದನ್ನು ಬೇಗ ಅರಿಯಬೇಕು. ನಾರಾಯಣಪೇಟೆ, ಮಕ್ತಲ, ಗದ್ವಾಲಗಳು 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದುವು. 1956ರಲ್ಲಿ ಆಂಧ್ರಪ್ರದೇಶಕ್ಕೆ ಸೇರಿದುವು. ಅದುವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲವು ಮಹಬೂಬನಗರ ಜಿಲ್ಲೆಗೆ ಹೋಯಿತು. 2014ರಲ್ಲಿ ಎಲ್ಲವೂ ತೆಲಂಗಾಣವಾದುವು. ಊರಿನ ಬಿಲ್ಲೆ ಇಷ್ಟು ಸಲ ಬದಲಾಯಿತು. ಕೃಷ್ಣೆ ಹರಿಯುವ ದಿಕ್ಕಾಗಲಿ, ನಮ್ಮ ಮನೆಗಳ ಕನ್ನಡವಾಗಲಿ ಬದಲಾಗಲಿಲ್ಲ. ನಮ್ಮನ್ನು ಹಲಗೆಯ ಮೇಲಿನ ಹೆಸರಿನಿಂದ ಅಳೆದರೆ ನೋಯುವ ನಾವು, ಗತಿಸಿದವರನ್ನು ಲೋಹದ ಮೇಲಿನ ಅಕ್ಷರದಿಂದ ಅಳೆಯಬಹುದೆ?

ನಾನು ಬಾಲಕನಿಗೆ, “ಒಳ್ಳೆಯವರೆಂದೂ ಕೆಟ್ಟವರೆಂದೂ ನಾನು ಹೇಳಲಾರೆ, ಬಿಲ್ಲೆಯೂ ಹೇಳಲಾರದು. ಮನೆಯ ಹಿರಿಯರನ್ನು ಕೇಳು. ಅವರು ಯಾರ ಚಾಕರಿಯಲ್ಲಿದ್ದರೆಂದು ಮಾತ್ರ ಕೇಳಬೇಡ. ಚಾಕರಿಯಲ್ಲಿದ್ದಾಗ ಯಾರೊಡನೆ ಹೇಗೆ ನಡೆದರೆಂದು ಕೇಳು. ಕೇಳಿದ್ದು ಹಿತವಾಗಿರಲಿ, ಕಹಿಯಾಗಿರಲಿ, ಬಚ್ಚಿಡಬೇಡ” ಎಂದೆನು. ಇನ್ನೊಂದು ಮಾತನ್ನೂ ಸೇರಿಸಿದೆನು: “ಬಿಲ್ಲೆಯನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕಬೇಡ. ಹೊಳಪು ಬಂದೀತು, ಆದರೆ ಉಳಿದಿರುವ ಅಕ್ಷರಗಳೂ ಅಳಿದುಹೋದಾವು.”

ಬಾಲಕನು ಮುಷ್ಟಿಯನ್ನು ಬಿಚ್ಚಿ ಬಿಲ್ಲೆಯನ್ನು ಮೇಜಿನ ಮೇಲಿಟ್ಟನು. ನಕ್ಕಿದ್ದ ಮಕ್ಕಳೂ ಬಂದು, ಅದರ ಮೇಲಿನ ಅಕ್ಷರಗಳನ್ನು ಓದಲು ಬಗ್ಗಿದರು.