ಮೂಕಪ್ರಾಣಿಗೆ ಹಿತಕ್ಕಾಗಿ ನೋವು ಮಾಡಬಹುದೋ?

ನಮ್ಮ ಮನೆಯಲ್ಲಿ ಚುಕ್ಕಿ ಎಂಬ ಒಂದು ಹೆಣ್ಣುಬೆಕ್ಕು ಉಂಟು. ಭತ್ತದ ಕಣಜಕ್ಕೆ ಇಲಿಗಳ ಕಾಟ ಹೆಚ್ಚಾದಾಗ ಅದನ್ನು ತಂದು ಸಾಕಿದೆವು. ಅದು ತನ್ನ ಕೆಲಸವನ್ನು ನಂಬಿಗಸ್ತಿಕೆಯಿಂದ ಮಾಡಿತು. ಆದರೆ ಬೆಕ್ಕು ಗರ್ಭ ಧರಿಸಿ ಸುಮಾರು 9 ವಾರಗಳಲ್ಲಿ ಮರಿ ಹಾಕುತ್ತದೆ. ಆ ಮರಿಗಳು ಇನ್ನೂ ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗರ್ಭ ಧರಿಸಬಲ್ಲದು. ಮೊದಲಿನ ಮರಿಗಳನ್ನು ನೆರೆಯವರು ಸಂತೋಷದಿಂದ ತೆಗೆದುಕೊಂಡು ಹೋದರು. ಎರಡನೆಯ ಸಲ ಬೇಡಿಕೊಂಡು ಕೊಟ್ಟೆವು. ಮೂರನೆಯ ಸಲ ಯಾರೂ ಒಲ್ಲೆವೆಂದರು. ಆಗ ಮೂರು ಮರಿಗಳನ್ನು ಬುಟ್ಟಿಯಲ್ಲಿಟ್ಟು ಮೀನುಪೇಟೆಯ ಬಳಿಯಲ್ಲಿ ಬಿಟ್ಟುಬಂದೆವು. ಅಲ್ಲಿ ಮೀನಿನ ಚೂರುಗಳಿಗೆ ಕಡಿಮೆಯಿಲ್ಲವೆಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಎರಡು ದಿವಸಗಳ ಮೇಲೆ ಆ ದಾರಿಯಾಗಿ ಹೋಗುವಾಗ ಬುಟ್ಟಿಯು ಅಲ್ಲೇ ಇತ್ತು, ಮರಿಗಳಿರಲಿಲ್ಲ. ಅವುಗಳಿಗೇನಾಯಿತೆಂದು ನಾವು ಯಾರನ್ನೂ ಕೇಳಲಿಲ್ಲ. ಕೇಳುವದಕ್ಕೆ ಧೈರ್ಯವಿರಲಿಲ್ಲವೆಂಬದೇ ನಿಜ.

ಹೀಗಿರಲಾಗಿ, ಇನ್ನೊಮ್ಮೆ ಇಂಥಾ ಕೆಲಸಕ್ಕೆ ಕೈಹಾಕಬಾರದೆಂದು ನಿಶ್ಚಯಿಸಿ, ಚುಕ್ಕಿಯನ್ನು ತಾಲೂಕಿನ ಪಶು ಆಸ್ಪತ್ರೆಗೆ ತೆಗೆದುಕೊಂಡು ಹೋದೆವು. ವೈದ್ಯರು ಮತ್ತಿನ ಮದ್ದು ಕೊಟ್ಟು, ಹೊಟ್ಟೆಯನ್ನು ಕೊಯ್ದು, ಅಂಡಾಶಯಗಳನ್ನೂ ಗರ್ಭಕೋಶವನ್ನೂ ತೆಗೆದು, ಹೊಲಿಗೆ ಹಾಕಿ, ಅದೇ ಸಾಯಂಕಾಲ ಮನೆಗೆ ಕಳುಹಿಸಿದರು. ದಾರಿಯಲ್ಲಿ ಅದರ ಕಣ್ಣುಗಳು ತೆರೆದೇ ಇದ್ದವು, ಆದರೆ ನೋಡುತ್ತಿರಲಿಲ್ಲ. ಆ ಕಣ್ಣುಗಳನ್ನು ಕಂಡಾಗಲೇ ಈ ಲೇಖನದ ತಲೆಬರಹದ ಪ್ರಶ್ನೆಯು ನಮ್ಮ ಮನಸ್ಸಿನಲ್ಲಿ ಹುಟ್ಟಿತು.

ಮನುಷ್ಯನಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಅವನ ಒಪ್ಪಿಗೆಯನ್ನು ಕೇಳುತ್ತೇವೆ. ಕೂಸಿಗಾದರೆ ತಂದೆತಾಯಿಗಳು ಒಪ್ಪುತ್ತಾರೆ. ಕೂಸು ದೊಡ್ಡದಾದ ಮೇಲೆ, ನಿನ್ನ ಹಿತಕ್ಕಾಗಿ ಮಾಡಿದೆವೆಂದು ತಿಳಿಸಲಿಕ್ಕಾದರೂ ಆಗುವದು. ಬೆಕ್ಕಿಗೆ ಇಂದಾಗಲಿ ಮುಂದಾಗಲಿ ತಿಳಿಸಲಾರೆವು. ಅದು ಕಂಡದ್ದು ಇಷ್ಟೇ: ಅನ್ನ ಹಾಕಿದ ಕೈಯೇ ತನ್ನನ್ನು ಬುಟ್ಟಿಯೊಳಗೆ ಹಾಕಿತು, ಎಚ್ಚತ್ತಾಗ ಹೊಟ್ಟೆಯಲ್ಲಿ ಉರಿ, ಕೊರಳಲ್ಲಿ ಲಾಳಿಕೆಯಂಥಾ ಒಂದು ಪಟ್ಟಿ. ಯಾವ ಅಧಿಕಾರದಿಂದ ಇದನ್ನು ಮಾಡಿದೆವು?

ಪಶುವು ಬರೇ ಯಂತ್ರವೆಂದು ಹೇಳಿದವರೂ ಉಂಟು. ಫ್ರಾನ್ಸ್ ದೇಶದ ದೇಕಾರ್ತನು 1637ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರಾಣಿಗಳನ್ನು ಗಡಿಯಾರಕ್ಕೆ ಹೋಲಿಸಿದ್ದಾನೆ. ಇಂಗ್ಲೆಂಡಿನ ಬೆಂಥಾಮನಾದರೋ 1789ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ಅವು ವಿವೇಚಿಸುತ್ತವೋ ಮಾತಾಡುತ್ತವೋ ಎಂದು ಕೇಳದೆ ನೋವುಣ್ಣುತ್ತವೋ ಎಂದು ಕೇಳಬೇಕೆಂದನು. ನಾವು ಪಂಡಿತರಲ್ಲ, ಆದರೂ ಒಂದು ರಾತ್ರಿ ಚುಕ್ಕಿಯ ಬಳಿಯಲ್ಲಿ ಕೂತಿದ್ದವನು ಗಡಿಯಾರದ ಮಾತನ್ನು ಆಡಲಾರನು. ಬೆಕ್ಕು ನೋವನ್ನು ಅಡಗಿಸುವ ಪ್ರಾಣಿ. ಅದು ಕೂಗುವದು ಕಡಿಮೆ. ಮೂಲೆ ಸೇರುವದು, ಮೈಯನ್ನು ಕುಗ್ಗಿಸುವದು, ಉಣ್ಣದಿರುವದು, ಇವೇ ಅದರ ಮಾತು.

ವೈದ್ಯರು ಹೇಳಿದ ಕ್ರಮವನ್ನು ಬರೆಯುತ್ತೇವೆ, ಯಾಕಂದರೆ ಬೆಕ್ಕು ಸಾಕಿದವರು ನಮ್ಮ ಊರುಗಳಲ್ಲಿ ಬಹಳ ಮಂದಿ. ಮತ್ತಿನಿಂದ ಎಚ್ಚರವಾಗುವಾಗ ಅದರ ಮೈ ತಣ್ಣಗಾಗುವದು. ಬೆಚ್ಚಗಿನ, ಕತ್ತಲಾದ ಸ್ಥಳದಲ್ಲಿ, ನೆಲದ ಮೇಲೆಯೇ ಇಡಬೇಕು. 10ರಿಂದ 14 ದಿವಸಗಳ ವರೆಗೆ ಹಾರುವದಕ್ಕೂ ಹತ್ತುವದಕ್ಕೂ ಬಿಡಬಾರದು. ಕೊರಳಪಟ್ಟಿಯನ್ನು ತೆಗೆಯಬಾರದು, ಬೆಕ್ಕಿನ ನಾಲಿಗೆಯಲ್ಲಿ ಹಿಂದಕ್ಕೆ ಬಾಗಿದ ಮುಳ್ಳುಗಳಿರುವದರಿಂದ ನೆಕ್ಕಿ ನೆಕ್ಕಿ ಹೊಲಿಗೆಯನ್ನು ಬಿಚ್ಚಿಬಿಡುವದು. ಒಂದು ದಿವಸ ದಾಟಿದರೂ ಏನೂ ತಿನ್ನದಿದ್ದರೆ ವೈದ್ಯರಿಗೆ ತಿಳಿಸಬೇಕು. ಕೆಲವು ದಿವಸ ಉಪವಾಸವಿದ್ದ ಬೆಕ್ಕಿನ ಪಿತ್ತಜನಕಾಂಗದಲ್ಲಿ ಕೊಬ್ಬು ಸೇರಿ ಪ್ರಾಣಕ್ಕೇ ಅಪಾಯವಾಗಬಹುದು. ಗಾಯಕ್ಕೆ ಬೂದಿ, ಅರಸಿನ, ನೆಲ ತೊಳೆಯುವ ಔಷಧಿ, ಇವು ಯಾವವೂ ಕೂಡದು.

ಎರಡನೆಯ ದಿನ ಅದು ಸುಮ್ಮನೆ ಬಿದ್ದಿರುವದನ್ನು ಕಂಡು ನಮ್ಮ ಮನೆಯವರು ಕನಿಕರಪಟ್ಟು, ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಗುಳಿಗೆಯನ್ನು ಅರ್ಧ ಮುರಿದು ಹಾಲಿನಲ್ಲಿ ಕಲಸಿದ್ದರು. ವೈದ್ಯರು ಮುಂಚೆಯೇ ಎಚ್ಚರಿಸಿದ್ದರಿಂದ ನಾವು ಆ ಬಟ್ಟಲನ್ನು ಕಸಿದು ಚೆಲ್ಲಿದೆವು. ಆ ಮದ್ದನ್ನು ಕರಗಿಸಿ ಹೊರಗೆ ಹಾಕುವ ಶಕ್ತಿಯು ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ಅದರ ರಕ್ತವು ಪ್ರಾಣವಾಯುವನ್ನು ಹೊರಲಾರದೆ ಹೋಗುವದು. ಒಂದೇ ಗುಳಿಗೆಯಿಂದ ಸಾಯಬಹುದು. ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ. ಪ್ರೀತಿಯಿಂದ ಕಲಸಿದ ಹಾಲು ಅದು.

ಅವರನ್ನು ತಿದ್ದಿದ ನಾವೇನು ಮಾಡಿದೆವು? ನಾಲ್ಕನೆಯ ರಾತ್ರಿ ಚುಕ್ಕಿಯು ಕೊರಳಪಟ್ಟಿಯನ್ನು ಬಾಗಲಿಗೂ ಗೋಡೆಗೂ ಬಡಿಯುತ್ತಾ, ಮೈಯನ್ನು ನೆಕ್ಕಲಾರದೆ ಅರಚುತ್ತಿತ್ತು. ನಡುರಾತ್ರಿಯಲ್ಲಿ ನಾವೆದ್ದು, ಬೆಳಗಾಗುವ ತನಕ ಮಾತ್ರ ಎಂದು ಹೇಳಿ, ಪಟ್ಟಿಯನ್ನು ಬಿಚ್ಚಿದೆವು. ಬೆಳಿಗ್ಗೆ ನೋಡಲಾಗಿ ಎರಡು ಹೊಲಿಗೆಗಳು ಹೋಗಿದ್ದವು, ಚಾಪೆಯ ಮೇಲೆ ರಕ್ತವಿತ್ತು. ತಿರಿಗಿ ಬುಟ್ಟಿ, ತಿರಿಗಿ ಮತ್ತಿನ ಮದ್ದು, ತಿರಿಗಿ ಸೂಜಿ. ವೈದ್ಯರು ಗದರಿಸಲಿಲ್ಲ. "ಬೆಕ್ಕಿಗೆ ನಿದ್ರೆ ಬರಲಿಲ್ಲವೋ, ನಿಮಗೆ ಬರಲಿಲ್ಲವೋ?" ಎಂದಷ್ಟೇ ಕೇಳಿದರು.

ಸಹೋದರರೇ, ಆ ಮಾತು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಅದರ ಕೂಗು ನಮ್ಮ ಎದೆಯಲ್ಲಿ ಮಾಡಿದ ನೋವನ್ನೇ ನಾವು ಆ ರಾತ್ರಿ ನಿಲ್ಲಿಸಿದೆವು. ಬೆಲೆ ಕೊಟ್ಟದ್ದು ಬೆಕ್ಕು. ಮೀನುಪೇಟೆಯ ಬುಟ್ಟಿಯೂ ಇದೇ ಜಾತಿಯದಲ್ಲವೋ? ಕೊಲ್ಲುವದನ್ನು ನೋಡಲಾರದೆ, ಸಾಯುವದನ್ನು ಕಾಣದ ಸ್ಥಳಕ್ಕೆ ಒಯ್ದೆವು. ಹಾಗಾದರೆ ಹಿತಕ್ಕಾಗಿ ನೋವು ಮಾಡಬಹುದೆಂದು ನಾವು ಹೇಳುತ್ತೇವೆ, ಆದರೆ ಮಾಡಿದವನು ಕಡೇ ತನಕ ಬಳಿಯಲ್ಲಿ ಕೂತು ಅದನ್ನು ನೋಡಬೇಕು. ಹಿತವೆಂಬ ಮಾತನ್ನು ಕೂಡ ಅಳೆದು ಆಡಬೇಕು. ಈ ಚಿಕಿತ್ಸೆಯಾದ ಬೆಕ್ಕಿಗೆ ಗರ್ಭಕೋಶದ ಕೀವುರೋಗವು ತಪ್ಪುವದು, ಎಳೆಯದರಲ್ಲೇ ಮಾಡಿಸಿದರೆ ಮೊಲೆಯ ಅರ್ಬುದವೂ ಅಪರೂಪವಾಗುವದು, ಇವು ಸತ್ಯವೇ. ಆದರೆ ನಾವು ಆಸ್ಪತ್ರೆಗೆ ಹೋದಾಗ ಇವು ನಮಗೆ ಗೊತ್ತಿರಲಿಲ್ಲ. ಮರಿಗಳ ಕಾಟ ತಪ್ಪಲೆಂದೇ ಹೋದೆವು.

ಇನ್ನೊಂದು ಆಕ್ಷೇಪವಿದೆ. ನೆರೆಮನೆಯ ವೃದ್ಧ ತಾಯಿಯೊಬ್ಬರು ಬಂದು, "ಉಪದೇಶಿಗಳೇ, ನನ್ನ ಮೊಮ್ಮಗ ಐದು ದಿವಸದಿಂದ ಜ್ವರದಲ್ಲಿ ಬಿದ್ದಿದ್ದಾನೆ. ನೀವು ಬೆಕ್ಕಿಗೆ ಎರಡು ಸಾರಿ ಬಸ್ಸಿನ ಖರ್ಚು ಮಾಡಿದಿರಂತೆ" ಎಂದರು. ನಮ್ಮಲ್ಲಿ ಉತ್ತರಗಳು ಸಿದ್ಧವಾಗಿದ್ದವು. ಸಾಕುಬೆಕ್ಕಿನ ಹೆಸರು ನಮ್ಮ ಸತ್ಯವೇದದ 66 ಪುಸ್ತಕಗಳಲ್ಲಿ ಬಾರದಿದ್ದರೂ, ಬಡವನ ಮಡಿಲಲ್ಲಿ ಬೆಳೆದ ಒಂದೇ ಕುರಿಮರಿಯ ಕಥೆಯಿಂದ ಪ್ರವಾದಿಯಾದ ನಾತಾನನು ಒಬ್ಬ ಅರಸನ ಮನಸ್ಸನ್ನು ಮುರಿದನೆಂದು ಹೇಳಬಹುದಾಗಿತ್ತು. ಪ್ರಾಣಿಗಳ ಮೇಲಣ ಕ್ರೂರತ್ವವನ್ನು ತಡೆಯುವ ಸಂಘವನ್ನು 1824ರಲ್ಲಿ ಲಂಡನಿನಲ್ಲಿ ಕೂಡಿಸಿದ ಆರ್ಥರ್ ಬ್ರೂಮ್ ಎಂಬವನು ಸಭಾಪಾಲಕನೇ ಆಗಿದ್ದು, ಸಂಘದ ಸಾಲಕ್ಕಾಗಿ 1826ರಲ್ಲಿ ಸೆರೆಮನೆಯನ್ನು ಕಂಡನೆಂದೂ ಹೇಳಬಹುದಾಗಿತ್ತು. ಆದರೆ ಆ ತಾಯಿ ಕೇಳಿದ್ದು ಅದಲ್ಲ. ಬೆಕ್ಕಿನ ಬುಟ್ಟಿಯ ಬಳಿಗೆ ರಾತ್ರಿಗೆ ಹತ್ತು ಸಾರಿ ಎದ್ದುಹೋದ ನಾವು, ಮೂವತ್ತು ಹೆಜ್ಜೆ ದೂರವಿದ್ದ ಹುಡುಗನನ್ನು ಒಂದು ಸಾರಿಯೂ ನೋಡಿರಲಿಲ್ಲ. ಬೆಕ್ಕಿನ ಆರೈಕೆಯು ತಪ್ಪೆಂದು ನಮಗೆ ಈಗಲೂ ತೋರುವದಿಲ್ಲ. ಆ ಗದರಿಕೆಯು ತಪ್ಪೆಂದೂ ತೋರುವದಿಲ್ಲ. "ಅಮ್ಮಾ, ಬರುತ್ತೇನೆ" ಎಂದು ಎದ್ದು ಅವರ ಸಂಗಡವೇ ಹೋದೆವು. ಮರುದಿನ ಹುಡುಗನನ್ನು ಅದೇ ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದದ್ದಾಯಿತು; ಗುಣವಾಯಿತು.

ಎರಡನೆಯ ಹೊಲಿಗೆಯಾದ 13ನೆಯ ದಿನ ವೈದ್ಯರು ದಾರಗಳನ್ನು ತೆಗೆದರು. ಕೊರಳಪಟ್ಟಿಯನ್ನು ಬಿಚ್ಚಿದ ಕೂಡಲೇ ಚುಕ್ಕಿಯು ಜಗಲಿಯ ಬಿಸಿಲಿನಲ್ಲಿ ಕೂತು, ನಮ್ಮ ಕಡೆಗೆ ತಿರಿಗಿಯೂ ನೋಡದೆ, ಒಂದು ತಾಸಿನ ವರೆಗೆ ತನ್ನ ಮೈಯನ್ನು ನೆಕ್ಕಿಕೊಂಡಿತು. ಈಗ ಅದು ಕಣಜದ ಹತ್ತಿರ ಮೊದಲಿನಂತೆಯೇ ಕಾಯುತ್ತದೆ, ಸಾಯಂಕಾಲದಲ್ಲಿ ಮನೆಯವರ ಕಾಲಿಗೆ ಸುತ್ತುತ್ತದೆ. ಆದರೆ ಆ ಬುಟ್ಟಿಯನ್ನು ಕಂಡರೆ ಅಟ್ಟವನ್ನು ಹತ್ತಿ ಅಡಗುತ್ತದೆ. ಅದಕ್ಕಾಗಿ ಬುಟ್ಟಿಯನ್ನು ಕೊಟ್ಟಿಗೆಯಲ್ಲಿ ಇಟ್ಟಿದ್ದೇವೆ.