ಯಾರಿಗೆ ಕಲಿಸಲಿಲ್ಲ?

‘ಹೆಣ್ಣುಮಕ್ಕಳೂ ಓದ್ಲಿ, ಕಷ್ಟಕಾಲಕ್ಕೆ ಆಗತ್ತೆ.’ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಈ ಮಾತು ಹೊಸದಲ್ಲ. ಮಗನಿಗೆ ಓದೆಂದರೆ ದುಡಿಮೆಯ ದಾರಿ. ಮಗಳಿಗೆ ಮಾತ್ರ ಬೀರುವಿನಲ್ಲಿಟ್ಟ ಒಡವೆ. ತೀರಾ ಬೇಕಾದಾಗ ತೆಗೆದರಾಯಿತು.

1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಿತು. ಮುಂದೆ ಕಾಗದದ ಕಾರ್ಖಾನೆಯೂ ಬಂತು. ಅಲ್ಲಿಂದ ಊರಿನ ದಿನಚರಿ ಪಾಳಿಯ ಕೈಗೆ ಹೋಯಿತು. ಗಂಡನ ಪಾಳಿ ನೋಡಿಕೊಂಡು ಹೆಂಡತಿ ಒಲೆ ಹಚ್ಚಬೇಕು. ರಾತ್ರಿಪಾಳಿ ಮುಗಿಸಿದವನು ಮಲಗಿದ್ದರೆ ಮಕ್ಕಳನ್ನು ಸುಮ್ಮನಿರಿಸಬೇಕು. ದುಡಿಮೆ ಇಬ್ಬರದು, ಸಂಬಳ ಒಬ್ಬನ ಹೆಸರಿಗೆ.

ಆಮೇಲೆ ಕಷ್ಟಕಾಲ ನಿಜಕ್ಕೂ ಬಂತು. ಕಬ್ಬಿಣದ ಕಾರ್ಖಾನೆ ಸೊರಗಿತು, ಕಾಗದದ್ದು ನಿಂತೇ ಹೋಯಿತು. ಶಿವಮೊಗ್ಗದ ಸಹ್ಯಾದ್ರಿಯಲ್ಲೋ ಕಮಲಾ ನೆಹರು ಕಾಲೇಜಿನಲ್ಲೋ ಪಡೆದ ಡಿಗ್ರಿ ಹಿಡಿದು ನನ್ನ ಪರಿಚಯದ ಹೆಂಗಸರು ಬೆಳಗಿನ ಬಸ್ಸು ಹತ್ತಿದರು: ಶಾಲೆಗೆ, ಆಸ್ಪತ್ರೆಗೆ, ಸೊಸೈಟಿಗೆ. ಬಸ್ಸು ಹತ್ತುವ ಮುಂಚಿನ ಅಡುಗೆ, ಇಳಿದ ಮೇಲಿನ ಪಾತ್ರೆ ಮಾತ್ರ ಅವರನ್ನು ಬಿಡಲಿಲ್ಲ. ಕಾದ ಕಬ್ಬಿಣದ ಬಣ್ಣ ನೋಡಿಯೇ ಹದ ಹೇಳಬಲ್ಲ ಗಂಡನಿಗೆ ಅನ್ನ ಬೆಂದದ್ದು ತಿಳಿಯುತ್ತಿರಲಿಲ್ಲ. ಅವನೇನು ದಡ್ಡನಲ್ಲ, ಯಾರೂ ಕಲಿಸಲಿಲ್ಲ ಅಷ್ಟೆ.

ಶಾಲೆಯೊಂದೇ ಹೆಣ್ಣಿಗೆ ಬಲ ಕೊಟ್ಟಿತೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಶಾಲೆ ಕಲಿತದ್ದು ಏಳು ವರ್ಷ. ಮೊದಲ ಕಾದಂಬರಿ ‘ತುಂಗಭದ್ರಾ’ ಬರುವಾಗ ಅವರಿಗೆ ನಲವತ್ತೈದು ದಾಟಿತ್ತು. ನೈಜೀರಿಯಾದ ಇಗ್ಬೊ ಹೆಂಗಸರು 1929ರಲ್ಲಿ, ತಮ್ಮ ಮೇಲೂ ತೆರಿಗೆ ಬೀಳುತ್ತದೆಂದು ಸಾವಿರಗಟ್ಟಲೆ ಸೇರಿ ಬ್ರಿಟಿಷ್ ಆಡಳಿತವನ್ನೇ ನಡುಗಿಸಿದರು. ಅವರ ಬೆನ್ನಿಗಿದ್ದದ್ದು ಸಂತೆಯ ವ್ಯಾಪಾರ ಮತ್ತು ತಮ್ಮದೇ ಕೂಟಗಳೇ ಹೊರತು ಪದವಿಯಲ್ಲ. ಹೆಣ್ಣಿನ ಕಸುವು ಮೊದಲಿನಿಂದಲೂ ಇತ್ತು. ಓದು ಅದಕ್ಕೆ ಸಂಬಳದ ಬಾಗಿಲು ತೆರೆಯಿತು, ಮನೆಯ ಕೆಲಸವನ್ನು ಮರುಹಂಚಲಿಲ್ಲ.

ಏಕೆಂದರೆ ಬದಲಾಗಬೇಕಾದವಳು ಮಗಳು ಎಂದೇ ನಾವು ಎಣಿಸಿದ್ದೆವು. ಮಗನ ಪಾಠಪಟ್ಟಿಯನ್ನು ಯಾರೂ ತಿದ್ದಲಿಲ್ಲ. ಕುಕ್ಕರ್ ಇಡುವುದು, ಜ್ವರದ ಮಗುವಿನ ಜೊತೆ ರಾತ್ರಿ ಎಚ್ಚರವಿರುವುದು, ಮುದುಕರಿಗೆ ಸ್ನಾನ ಮಾಡಿಸುವುದು ಅವನಿಗೂ ಬರಬೇಕು. ಹೆಂಡತಿಗೆ ಉಪಕಾರವೆಂದಲ್ಲ. ಸಂಬಳ ನಿಂತ ಮೇಲೂ ಈ ಮನೆಗೆ ತಾನು ಬೇಕಾದವನು ಎಂದು ಅವನಿಗೇ ಅನ್ನಿಸಬೇಕಲ್ಲ, ಅದಕ್ಕೆ.