ನೋಟ ಪರರಿಚ್ಛೆ

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂದು ನಮ್ಮ ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಉಣ್ಣುವುದು ನಿನಗೆ ಬೇಕಾದಂತೆ, ಉಡುವುದು ಮಾತ್ರ ನೋಡುವವರಿಗೆ ಒಪ್ಪುವಂತೆ ಎಂಬುದು ಇದರ ತಾತ್ಪರ್ಯ. ಮೊದಲರ್ಧ ಹೆಣ್ಣುಮಕ್ಕಳ ಪಾಲಿಗೆ ಎಂದೂ ಪೂರ್ತಿ ನಿಜವಾಗಿರಲಿಲ್ಲ. ಎಲ್ಲರಿಗೂ ಬಡಿಸಿದ ಮೇಲೆ ಪಾತ್ರೆಯಲ್ಲಿ ಉಳಿದದ್ದೇ ನಮ್ಮ ಇಚ್ಛೆ! ಎರಡನೆಯದಂತೂ ನಮಗೆಂದೇ ಹೇಳಿದಂತಿದೆ. ಸೆರಗು ಸರಿಯಾಗಿದೆಯೇ ಎಂದು ದಿನಕ್ಕೆ ಎಷ್ಟು ಸಲ ನಮ್ಮ ಕೈ ತಾನಾಗಿ ಹೆಗಲಿಗೆ ಹೋಗುತ್ತದೆ, ಲೆಕ್ಕ ಇಟ್ಟವರುಂಟೇ? ಪರರಿಗೆ ಒಪ್ಪುವಂತೆ ಉಡು ಎಂದ ಗಾದೆ, ಆ ಪರರು ಹೇಗೆ ನೋಡಬೇಕೆಂಬುದನ್ನು ಹೇಳದೆ ಬಿಟ್ಟಿತು. ಆ ಬಿಟ್ಟ ಮಾತು ನನ್ನನ್ನು ಕಾಡತೊಡಗಿದ್ದು ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದಲ್ಲಿ.

ಅಮೆರಿಕದಲ್ಲಿರುವ ಮಗಳು, ಅಳಿಯ ನಮ್ಮಿಬ್ಬರನ್ನು ಒಂದು ವಾರದ ಮಟ್ಟಿಗೆ ಸೇಂಟ್ ಮಾರ್ಟಿನ್ನಿಗೆ ಕರೆದೊಯ್ದಿದ್ದರು. ಇಡೀ ದ್ವೀಪ ಸುಮಾರು 88 ಚದರ ಕಿಲೋಮೀಟರ್. ಅಷ್ಟನ್ನೇ 1648ರ ಒಪ್ಪಂದದಂತೆ ಫ್ರೆಂಚರೂ ಡಚ್ಚರೂ ಹಂಚಿಕೊಂಡಿದ್ದಾರೆ. ಉತ್ತರಕ್ಕೆ ಫ್ರಾನ್ಸ್, ದಕ್ಷಿಣಕ್ಕೆ ನೆದರ್ಲೆಂಡ್ಸ್. ನಡುವೆ ಗೇಟಿಲ್ಲ, ತಡೆಯುವವರಿಲ್ಲ.

ಒಂದು ಬೆಳಿಗ್ಗೆ ಮಗಳು ಪಿಸುಮಾತಿನಲ್ಲಿ, "ಅಮ್ಮ, ಇಲ್ಲಿ ಬಟ್ಟೆ ಹಾಕಿದ್ರೂ ಸರಿ, ಹಾಕದಿದ್ರೂ ಸರಿ ಅನ್ನೋ ಬೀಚ್ ಒಂದಿದೆ. ನೋಡೋಕೆ ಬರ್ತೀಯಾ?" ಎಂದಳು.

"ನೋಡೋಕೆ ಅಂತ ಹೋಗೋ ಜಾಗವೇನೇ ಅದು?" ಎಂದೆ.

"ಸರಿ, ನಡೆಯೋಕೆ ಬಾ. ಅಪ್ಪ ರೂಮಿನಲ್ಲೇ ಇರಲಿ."

ಇವರು ಪೇಪರಿನಿಂದ ಕಣ್ಣೆತ್ತಲಿಲ್ಲ. ಪುಟವನ್ನೂ ತಿರುಗಿಸಲಿಲ್ಲ.

ಇಂಥ ಬೀಚುಗಳು ಕೆರಿಬಿಯನ್ನಿನಲ್ಲಿ ಎಲ್ಲೆಂದರಲ್ಲಿ ಇರುತ್ತವೆಂದು ತಿಳಿಯಬೇಡಿ. ದ್ವೀಪ ಬದಲಾದರೆ ನಾಚಿಕೆಯ ಕಾಯಿದೆಯೂ ಬದಲಾಗುತ್ತದೆ. 1966ರವರೆಗೆ ಬ್ರಿಟಿಷರ ಕೈಯಲ್ಲಿದ್ದ ಬಾರ್ಬಡೋಸಿನಲ್ಲಿ ಹೆಂಗಸರು ಎದೆ ತೆರೆದು ಬಿಸಿಲು ಕಾಯಿಸುವುದು ಅಪರಾಧ. ಅಷ್ಟೇ ಏಕೆ, ಸೈನಿಕರ ಮಚ್ಚೆಮಚ್ಚೆಯ ಬಟ್ಟೆಯನ್ನು ಸಾಮಾನ್ಯರು ತೊಡುವುದೂ ಅಲ್ಲಿ ಅಪರಾಧವೇ. ಜಮೈಕಾದಲ್ಲಿ ಕೆಲವು ರೆಸಾರ್ಟುಗಳ ಬೇಲಿಯೊಳಗೆ ಮಾತ್ರ ಇದಕ್ಕೆ ಅವಕಾಶ. ಫ್ರೆಂಚ್ ದ್ವೀಪಗಳಲ್ಲಿ ಬಿಗಿ ಕಡಿಮೆ. ಗ್ವಾಡೆಲೂಪಿನ ಸೇಂಟ್ ಫ್ರಾನ್ಸ್ವಾ ಬಳಿಯ ತಾರಾರ್ ಇದಕ್ಕೇ ಹೆಸರಾದ ತೀರ. ಸೇಂಟ್ ಮಾರ್ಟಿನ್ನಿನಲ್ಲಿ ಓರಿಯಂಟ್ ಬೇ ಎಂಬ ಉದ್ದನೆಯ ಬಿಳಿ ಮರಳ ದಂಡೆಯ ದಕ್ಷಿಣದ ತುದಿ. ಅಲ್ಲಿದ್ದ ಕ್ಲಬ್ ಓರಿಯಂಟ್ ಎಂಬ ವಸತಿಧಾಮವನ್ನು 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ಹಾಳುಗೆಡವಿತು. ಕಟ್ಟಡ ಹೋಯಿತು, ರೂಢಿ ಉಳಿಯಿತು.

ಚೂಡಿದಾರ ತೊಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಈಜುಡುಗೆಯವರು ಕಡಿಮೆಯಾಗುತ್ತ ಬಂದರು. ಆಮೇಲೆ ಏನನ್ನೂ ಉಡದವರು. ಸಿನಿಮಾದ ಮೈಗಳಲ್ಲ ಅವು. ಅರವತ್ತು, ಎಪ್ಪತ್ತು ದಾಟಿದವರೇ ಹೆಚ್ಚು. ಜೋತ ಹೊಟ್ಟೆ, ಉಬ್ಬಿದ ನರ, ಮಂಡಿ ಶಸ್ತ್ರಚಿಕಿತ್ಸೆಯ ಗೆರೆ. ಒಬ್ಬಾಕೆ ಟವೆಲಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಆಕೆಗೆ ಒಂದೇ ಸ್ತನ. ಇನ್ನೊಂದರ ಜಾಗದಲ್ಲಿ ಅಡ್ಡಕ್ಕೆ ಹೊಲಿಗೆಯ ಗುರುತು. ಗಂಡ ಪಕ್ಕದಲ್ಲಿ ಪುಸ್ತಕ ಓದುತ್ತಿದ್ದ. ದಾಟಿ ಹೋಗುವವರು ಮುಖ ನೋಡಿ ನಮಸ್ಕಾರ ಹೇಳುತ್ತಿದ್ದರು. ಆಕೆ ನನಗೂ ಹೇಳಿದಳು.

ಅಲ್ಲಿಯ ರೂಢಿಯನ್ನು ಮಗಳು ವಿವರಿಸಿದಳು: ಕೂರುವಾಗ ಟವೆಲು ಹಾಸಬೇಕು, ಕ್ಯಾಮೆರಾ ತೆಗೆಯಬಾರದು, ಯಾರನ್ನೂ ದಿಟ್ಟಿಸಬಾರದು. ಉಡುವವರಿಗೆ ಯಾವ ನಿಯಮವೂ ಇಲ್ಲ, ನೋಡುವವರಿಗಿದೆ! ಗಾದೆ ಬಿಟ್ಟದ್ದನ್ನು ಇವರು ತುಂಬಿದ್ದರು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಆರು ಗಜ ಸುತ್ತಿಕೊಂಡು ನಿಂತರೂ ಮೈಮೇಲೆ ಹರಿದಾಡುವ ಕಣ್ಣುಗಳಿಗೆ ಯಾರು, ಯಾವಾಗ ನಿಯಮ ಕಲಿಸಿದ್ದಾರೆ?

ಇಷ್ಟಕ್ಕೇ ನಿಲ್ಲಿಸಿದರೆ ಪರದೇಶವನ್ನು ಹೊಗಳಿ ಸುಮ್ಮನಾದಂತೆ. ದಂಡೆಯಲ್ಲಿ ಪ್ರವಾಸಿಗರ ಕೂದಲು ಹೆಣೆಯುವ ಸ್ಥಳೀಯ ಹೆಂಗಸೊಬ್ಬಳು ಕುತ್ತಿಗೆಯವರೆಗೆ ಗುಂಡಿ ಹಾಕಿದ ಅಂಗಿ ತೊಟ್ಟಿದ್ದಳು. ನೀವು ಇಲ್ಲಿ ಹೀಗೆ ಈಜುವುದುಂಟೇ ಎಂದು ಮಗಳು ಕೇಳಿದ್ದಕ್ಕೆ ನಕ್ಕು, "ಅದು ಬಂದುಹೋಗುವವರಿಗೆ. ನಾನು ಭಾನುವಾರ ಚರ್ಚಿಗೆ ಹೋಗುವವಳು" ಎಂದಳು. ಅವಳನ್ನು ಹಳೆಯ ಕಾಲದವಳು ಎಂದು ತಳ್ಳಿಹಾಕುವಂತಿಲ್ಲ. ಆ ದ್ವೀಪಗಳಲ್ಲಿ ಕಬ್ಬಿನ ಗದ್ದೆಗೆ ಆಫ್ರಿಕದಿಂದ ತಂದವರನ್ನು ಸಂತೆಯಲ್ಲಿ ದನಗಳಂತೆ ಮೈಮುಟ್ಟಿ ನೋಡಿ ಕೊಳ್ಳುತ್ತಿದ್ದರು. 1685ರಲ್ಲಿ ಫ್ರಾನ್ಸಿನ ದೊರೆ ಹೊರಡಿಸಿದ ಗುಲಾಮರ ಕಾನೂನಿನಲ್ಲಿ, ಒಡೆಯನು ಗುಲಾಮನಿಗೆ ವರ್ಷಕ್ಕೆ ಎರಡು ಜೊತೆ ಬಟ್ಟೆ, ಇಲ್ಲವೇ ಸುಮಾರು ನಾಲ್ಕೂಮುಕ್ಕಾಲು ಮೀಟರ್ ಅರಿವೆ ಕೊಡಬೇಕೆಂದಿತ್ತು. ವರ್ಷವಿಡೀ ಮೈ ಮುಚ್ಚಲು ನಮ್ಮ ಒಂದು ಸೀರೆಗಿಂತ ಕಡಿಮೆ! ಫ್ರೆಂಚ್ ಭಾಗದಲ್ಲಿ ಗುಲಾಮಗಿರಿ ಅಳಿದದ್ದು 1848ರಲ್ಲಿ, ಡಚ್ ಭಾಗದಲ್ಲಿ 1863ರಲ್ಲಿ. ಅಂಥವರ ಮೊಮ್ಮಕ್ಕಳಿಗೆ ಇಸ್ತ್ರಿ ಮಾಡಿದ ಅಂಗಿ ಕಟ್ಟುಪಾಡಲ್ಲ, ಗೆದ್ದು ತಂದದ್ದು.

ಡಚ್ ಭಾಗದ ಒಂದು ವೃತ್ತದಲ್ಲಿ ಲೋಕೇ ಎಂಬ ಗುಲಾಮ ಹೆಂಗಸಿನ ಪ್ರತಿಮೆಯಿದೆ. ತೋಟದಿಂದ ಓಡಿಹೋಗಿ ಸಿಕ್ಕಿಬಿದ್ದ ಅವಳ ಒಂದು ಸ್ತನವನ್ನು ಒಡೆಯ ಕತ್ತರಿಸಿಹಾಕಿಸಿದನಂತೆ. ಗಾಯ ಮಾಗಿದ ಮೇಲೆ ಅವಳು ಮತ್ತೆ ಓಡಿಹೋಗಿ ಗುಡ್ಡದಲ್ಲಿ ಬದುಕಿದಳೆಂದು ಜನ ಹೇಳುತ್ತಾರೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಿತ್ತಳೆ ಸುಲಿಯುತ್ತಿದ್ದಾಕೆ, ಈ ಲೋಕೇ. ಇಬ್ಬರದೂ ಒಂದೇ ಬಗೆಯ ಗಾಯ. ಒಂದನ್ನು ಬದುಕಿಸಲು ಕೊಯ್ದರು, ಇನ್ನೊಂದನ್ನು ಬಗ್ಗಿಸಲು.

ನಮ್ಮಲ್ಲೂ ಇದರ ಪಾಠವಿದೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಹರಕೆ ಹೊತ್ತ ಹೆಂಗಸರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಬೆಟ್ಟದ ಗುಡಿಗೆ ಹೋಗುತ್ತಿದ್ದರು. 1986ರಲ್ಲಿ ದೊಡ್ಡ ಗಲಭೆಯಾಗಿ, ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಹಾಗೆ ನಡೆದವರಲ್ಲಿ ಬಡವರು, ದಲಿತರೇ ಬಹಳ. ಸುತ್ತ ನೋಡಲೆಂದೇ ನೆರೆದ ಜನ. ಓರಿಯಂಟ್ ಬೇಯಲ್ಲಿಯೂ ಬೆತ್ತಲೆ, ಅಲ್ಲಿಯೂ ಬೆತ್ತಲೆ. ಆದರೆ 'ಒಲ್ಲೆ' ಎನ್ನುವ ಧೈರ್ಯ ಯಾರಿಗಿತ್ತು ಎಂದು ಕೇಳಿದರೆ ಎರಡರ ದಾರಿ ಬೇರೆಯಾಗುತ್ತದೆ. ಎಷ್ಟು ಬಟ್ಟೆ ಎಂಬುದರಿಂದ ಮಾನವನ್ನು ಅಳೆಯಲಾಗದು. ತೀರ್ಮಾನ ಯಾರದು, ಎದುರಿನ ಕಣ್ಣಿಗೆ ಮರ್ಯಾದೆ ಎಷ್ಟು ಎಂಬ ಎರಡು ಪ್ರಶ್ನೆಗಳಲ್ಲಿ ಅದರ ಅಳತೆಯಿದೆ.

ಹಾಗಾದರೆ ಮಲ್ಪೆಯಲ್ಲೂ ಇಂಥ ತೀರ ಬೇಕೇ ಎಂದು ನೀವು ಕೇಳಬಹುದು. ನನಗೆ ಬೇಡ. ನನ್ನ ಸೀರೆ ನನಗೆ ಪ್ರೀತಿಯದು, ಕೂದಲು ಹೆಣೆಯುವವಳಿಗೆ ಅವಳ ಅಂಗಿಯಂತೆ. ಅಲ್ಲಿಂದ ತರಬೇಕಾದದ್ದು ಕಣ್ಣಿಗೆ ಕಲಿಸುವ ಆ ಪಾಠ. ಗಂಡುಮಕ್ಕಳಿಗೆ ಅದನ್ನು ಮನೆಯಲ್ಲಿ ಅಮ್ಮಂದಿರೇ ಹೇಳಿಕೊಡಬೇಕು. ಅದಕ್ಕಿಂತ ಮೊದಲು ನಮಗೆ ನಾವೇ ಹೇಳಿಕೊಳ್ಳಬೇಕು, ಏಕೆಂದರೆ ಪರರ ಕಣ್ಣನ್ನು ನಾವು ನಮ್ಮೊಳಗೇ ಇಟ್ಟುಕೊಂಡಿದ್ದೇವೆ.

ನಮ್ಮ ಬೀದಿಯ ಒಬ್ಬ ಗೃಹಿಣಿ ಎದೆಯ ಗಂಟನ್ನು ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಕನ್ನಡಿಯ ಮುಂದೆಯೂ ಸೆರಗು ಜಾರಿಸದ ಹೆಂಗಸು. ನೋವು ತಡೆಯಲಾರದೆ ಆಸ್ಪತ್ರೆಗೆ ಹೋದಾಗ ಗಂಟು ಕಂಕುಳಿಗೆ ಹಬ್ಬಿತ್ತು. ಇಷ್ಟು ದಿನ ಏಕೆ ಬರಲಿಲ್ಲ ಎಂದು ಡಾಕ್ಟರು ಕೇಳಿದರೆ ಆಕೆ ತಲೆತಗ್ಗಿಸಿ ಹೇಳಿದ್ದು ಒಂದೇ ಮಾತು: "ತೋರಿಸೋದು ಹೇಗೆ?"

ಆ ಮಾತಿಗೆ ನಾವು ಉತ್ತರ ಕೊಡಬೇಕಾಗಿದೆ. ನಮ್ಮ ಹೆಣ್ಣುಮಕ್ಕಳು ಅದನ್ನು ಕೇಳುವ ಮೊದಲೇ.